ಕಾಂತಿ ಲೇಪದ್ದೋ, ದೀಪದ್ದೋ?

ಚರ್ಮಕ್ಕೆ ಹಚ್ಚುವ ಲೇಪಗಳನ್ನು ಮಾರುವವರಿಗೆ ವಿಡಿಯೊ ಇಂದು ಬಲವಾದ ಸಾಧನ. ಮೊದಲು ಒರಟು ಮುಖ. ಲೇಪ ಹಚ್ಚಿದೊಡನೆ ನುಣುಪಾದ ಮುಖ. ಕಣ್ಣಾರೆ ಕಂಡದ್ದನ್ನು ನಂಬದಿರುವುದು ಹೇಗೆ? ಆದರೆ ಕ್ಯಾಮೆರಾ ಗ್ರಹಿಸುವುದು ಚರ್ಮದಿಂದ ಹಿಂದಿರುಗಿದ ಬೆಳಕನ್ನು ಮಾತ್ರ ಎಂಬುದನ್ನು ಮರೆಯಬಾರದು.

ಮುಖದ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4-5 ಪಾಲು ಮೇಲ್ಮೈಯಿಂದಲೇ ಪ್ರತಿಫಲಿಸುತ್ತದೆ. ಉಳಿದದ್ದು ಒಳಹೊಕ್ಕು ಚದರುತ್ತದೆ. ಅದರಲ್ಲಿ ಒಂದಂಶವನ್ನು ಚರ್ಮ ಹೀರುತ್ತದೆ, ಮಿಕ್ಕದ್ದು ಹೊರಬರುತ್ತದೆ. ಹೀಗೆ ಹೊರಬಂದ ಬೆಳಕು ಮೈಬಣ್ಣವನ್ನು ತಿಳಿಸಿದರೆ, ಮೇಲ್ಮೈಯ ಪ್ರತಿಫಲನವು ಹೊಳಪನ್ನೂ ಒರಟುತನವನ್ನೂ ತೋರಿಸುತ್ತದೆ. ಒಣಚರ್ಮದ ಹೊಟ್ಟಿನ ಸಂದುಗಳಲ್ಲಿ ಗಾಳಿಯಿರುವುದರಿಂದ ಬೆಳಕು ಅಡ್ಡಾದಿಡ್ಡಿ ಚದರಿ, ಚರ್ಮ ಬಿಳಿಚಿಕೊಂಡಂತೆ ಕಾಣುತ್ತದೆ. ಜಿಡ್ಡಿನ ಲೇಪ ಆ ಸಂದುಗಳನ್ನು ತುಂಬುತ್ತದೆ. ಜಿಡ್ಡಿನ ಮತ್ತು ಚರ್ಮದ ವಕ್ರೀಭವನಾಂಕಗಳು ಹತ್ತಿರವಾದುದರಿಂದ ಚದರಿಕೆ ತಗ್ಗುತ್ತದೆ. ಕಾಗದದ ಮೇಲೆ ಎಣ್ಣೆಯ ತೊಟ್ಟು ಬಿದ್ದೆಡೆ ಬೆಳಕು ತೂರಿಬರುವುದನ್ನು ನೀವು ಕಂಡಿಲ್ಲವೇ? ಇದೂ ಅಂಥದೇ. ಈ ಬದಲಾವಣೆ ನಿಜ. ಆದರೆ ತೊಳೆದರೆ ಹೋಗುವಂಥದು. ಹೊರಚರ್ಮ ಹೊಸದಾಗಲು ಸುಮಾರು ನಾಲ್ಕು ವಾರಗಳೇ ಬೇಕು.

ಇನ್ನು ದೀಪದ ಕೈವಾಡವನ್ನು ನೋಡೋಣ. ಉತ್ತ ಹೊಲವನ್ನು ಮುಂಜಾನೆಯ ಓರೆ ಬಿಸಿಲಿನಲ್ಲಿ ನೋಡಿದರೆ ಒಂದೊಂದು ಸಾಲೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಅದೇ ಹೊಲ ಸಮತಟ್ಟಾಗಿ ತೋರುತ್ತದೆ. ಮುಖದ ಸುಕ್ಕುಗಳ ಸಂಗತಿಯೂ ಇದೇ. "ಮೊದಲು" ಎಂಬ ದೃಶ್ಯಕ್ಕೆ ಪಕ್ಕದ ದೀಪ, "ಅನಂತರ" ಎಂಬುದಕ್ಕೆ ಎದುರಿನ ಅಗಲವಾದ ದೀಪ ಇಟ್ಟರೆ ಸಾಕು, ಲೇಪವೇ ಬೇಕಿಲ್ಲ! ಅದೂ ಸಾಲದಿದ್ದರೆ ಫಿಲ್ಟರು ಉಂಟು. ಅದು ಚಿತ್ರದ ಪ್ರತಿ ಬಿಂದುವಿನ ಹೊಳಪನ್ನು ನೆರೆಯ ಬಿಂದುಗಳೊಡನೆ ಸರಾಸರಿ ಮಾಡಿ, ಸೂಕ್ಷ್ಮ ರೇಖೆಗಳನ್ನು ಅಳಿಸಿಬಿಡುತ್ತದೆ.

ಈ ಗುಟ್ಟನ್ನು ಬಯಲಿಗಿಟ್ಟೇ ಹೆಸರು ಗಳಿಸಿದ ವಿಡಿಯೊ ಒಂದುಂಟು. 2006ರಲ್ಲಿ ಡವ್ ಸಂಸ್ಥೆಗಾಗಿ ಕೆನಡಾದಲ್ಲಿ ತಯಾರಾದ 'ಇವಲ್ಯೂಷನ್', ಒಬ್ಬ ಸಾಧಾರಣ ಯುವತಿಯ ಮುಖ ದೀಪ, ಪ್ರಸಾಧನ ಮತ್ತು ಕಂಪ್ಯೂಟರುಗಳಿಂದ ಜಾಹೀರಾತಿನ ಮುಖವಾಗುವುದನ್ನು ಒಂದೆರಡು ನಿಮಿಷದೊಳಗೇ ತೋರಿಸಿತು. ಸೌಂದರ್ಯವರ್ಧಕದ ಪರಿಣಾಮವನ್ನು ಉತ್ಪ್ರೇಕ್ಷಿಸುವ ಫಿಲ್ಟರುಗಳನ್ನು ಜಾಹೀರಾತಿನಲ್ಲಿ ಬಳಸಕೂಡದೆಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2021ರಲ್ಲಿ ವಿಧಿಸಿತು.

ಹಾಗಾದರೆ ಸತ್ಯವನ್ನೇ ತೋರಿಸಿ ಮನಸ್ಸನ್ನು ಗೆಲ್ಲಲಾಗದೆ? ಆಗುತ್ತದೆ. ಬಿಸಿಲು ತಡೆಯುವ ಲೇಪವನ್ನು ಅತಿನೇರಿಳೆ ಕಿರಣಗಳನ್ನು ಗ್ರಹಿಸುವ ವಿಶೇಷ ಕ್ಯಾಮೆರಾದ ಮುಂದೆ ಹಚ್ಚಿದಾಗ, ಕಣ್ಣಿಗೆ ಬಣ್ಣವಿಲ್ಲದ ಆ ಲೇಪ ಕಾಡಿಗೆಯಂತೆ ಕಪ್ಪಾಗಿ ಕಾಣುತ್ತದೆ. ಏಕೆಂದರೆ ಚರ್ಮವನ್ನು ಸುಡುವ ಕಿರಣಗಳನ್ನು ಅದು ಹೀರಿಕೊಳ್ಳುತ್ತದೆ. ಹಚ್ಚದೆ ಬಿಟ್ಟ ಜಾಗವೂ ಸ್ಪಷ್ಟವಾಗಿ ತೋರುತ್ತದೆ. ಇದು ಜಾಹೀರಾತೂ ಹೌದು, ಪ್ರಯೋಗವೂ ಹೌದು. ದೀಪ, ದೂರ, ಕೋನಗಳನ್ನು ಬದಲಿಸದೆ ಒಂದನ್ನೇ ಬದಲಿಸುವುದಲ್ಲವೇ ಪ್ರಯೋಗಶಾಲೆಯ ಮೊದಲ ಪಾಠ?

ಇಂದು ರಾತ್ರಿ ಕನ್ನಡಿಯೆದುರು ನಿಂತು, ಟಾರ್ಚನ್ನು ಮೊದಲು ಕೆನ್ನೆಯ ಪಕ್ಕದಿಂದ, ಬಳಿಕ ಎದುರಿನಿಂದ ಹಿಡಿದು ನೋಡಿರಿ. ಕಣ್ಣಿಗೆ ಮಾತ್ರ ನೇರವಾಗಿ ಬಿಡಬೇಡಿರಿ. ಅರೆಗಳಿಗೆಯಲ್ಲಿ ನಿಮಗೆ ಎರಡು ಮುಖಗಳು ಕಂಡಾವು. ವಿಡಿಯೊದ ಮುಖವನ್ನು ಕಂಡು ತನ್ನ ಮುಖವನ್ನು ಹಳಿದುಕೊಳ್ಳುವ ತರುಣ ತರುಣಿಯರು ತಮ್ಮ ಚರ್ಮವನ್ನು ಹೋಲಿಸುತ್ತಿರುವುದು ಇನ್ನೊಂದು ಚರ್ಮದೊಡನೆ ಅಲ್ಲ, ಒಂದು ದೀಪದೊಡನೆ.