ತೇಲುವ ಬಂಗಲೆಯ ಒಳಗೆ: ಯಾಟ್‌ಗಳ ಇಂಟೀರಿಯರ್ ಡಿಸೈನರ್ ಏನು ಮಾಡ್ತಾರೆ?

ಹೋದ ಸಲ ಅಷ್ಟು ಭಾರದ ಉಕ್ಕಿನ ಹಡಗು ಹೇಗೆ ತೇಲುತ್ತೆ ಅಂತ ಮಾತಾಡಿದ್ವಿ. ಅದನ್ನ ನೋಡಿದ ಚೆನ್ನೈ ಗೆಳೆಯರೊಬ್ಬರು ಕೇಳಿದ್ರು: "ಕೋಟ್ಯಧಿಪತಿಗಳ ಯಾಟ್‌ನಲ್ಲಿ ಸೋಫಾ ಎಲ್ಲಿಡಬೇಕು, ಕರ್ಟನ್ ಯಾವ ಬಣ್ಣ ಇರಬೇಕು ಅಂತ ಹೇಳೋಕೂ ಒಬ್ಬ ಡಿಸೈನರ್ ಬೇಕಾ? ಅದರಲ್ಲಿ ಎಂಜಿನಿಯರಿಂಗ್ ಏನಿದೆ?" ತುಂಬಾನೇ ಇದೆ. ಇವತ್ತು ಅದನ್ನೇ ನೋಡೋಣ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಲೋನ್ ಮಾಡಿ ಫ್ಲ್ಯಾಟ್ ತಗೊಂಡವರಿಗೆ ಇಂಟೀರಿಯರ್‌ನವರ ಪರಿಚಯ ಚೆನ್ನಾಗೇ ಇರುತ್ತೆ, ಅವರ ಕೊಟೇಶನ್ನಿನ ಪರಿಚಯವೂ. ಬಿಲ್ಡರ್ ಬೀಗದಕೈ ಕೊಟ್ಟ ಮೇಲೆ ಅವರು ಬರ್ತಾರೆ. ಗೋಡೆ, ಪೈಪು, ಕಿಟಕಿ ಎಲ್ಲ ಆಗಲೇ ತೀರ್ಮಾನ ಆಗಿರುತ್ತೆ. ದೊಡ್ಡ ಯಾಟ್‌ನಲ್ಲಿ ಹಾಗಲ್ಲ. ಉಕ್ಕಿನ ಹಲಗೆ ಕತ್ತರಿಸೋ ಮೊದಲೇ ಇಂಟೀರಿಯರ್ ಡಿಸೈನರ್ ಮತ್ತು ನೇವಲ್ ಆರ್ಕಿಟೆಕ್ಟ್ ಒಂದೇ ಮೇಜಿನ ಸುತ್ತ ಕೂತಿರ್ತಾರೆ. ಮೆಟ್ಟಿಲು ಎಲ್ಲಿ ಬರುತ್ತೆ, ಎಂಜಿನ್ನಿನ ಹೊಗೆ ಕೊಳವೆ ಯಾವ ಕೋಣೆಯ ಪಕ್ಕ ಹಾದು ಹೋಗುತ್ತೆ, ಎಸಿ ಡಕ್ಟ್‌ಗೆ ಚಾವಣಿಯಲ್ಲಿ ಎಷ್ಟು ಜಾಗ ಬಿಡಬೇಕು, ಇದೆಲ್ಲ ಅಲ್ಲೇ ಜಗಳ ಆಡಿ ತೀರ್ಮಾನ ಆಗಬೇಕು.

ಇದಕ್ಕೊಂದು ಇತಿಹಾಸ ಇದೆ. ಈ ವೃತ್ತಿಗೆ ಇವತ್ತಿನ ರೂಪ ಕೊಟ್ಟವರು ಅಂದ್ರೆ ಹೆಚ್ಚಿನವರು ಹೇಳೋ ಹೆಸರು ಜಾನ್ ಬ್ಯಾನೆನ್‌ಬರ್ಗ್. 1929ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಒಳಾಂಗಣ ಅಲಂಕಾರದ ಕೆಲಸದಿಂದ ಶುರು ಮಾಡಿದವರು. ಹಡಗು ಕಟ್ಟೋ ವಿದ್ಯೆ ಓದಿದವರಲ್ಲ. ಅವರಿಗಿಂತ ಮುಂಚೆ ಯಾಟ್ ಅಂದ್ರೆ ಯಾರ್ಡಿನ ಎಂಜಿನಿಯರ್ ಗೆರೆ ಎಳೀತಿದ್ದ, ಅಲಂಕಾರದವನು ಕೊನೆಗೆ ಬರ್ತಿದ್ದ. ಇವರು ಕ್ವೀನ್ ಎಲಿಜಬೆತ್ 2 ಹಡಗಿನ ಒಳಾಂಗಣದಲ್ಲೂ ಕೆಲಸ ಮಾಡಿದರು, ಆಮೇಲೆ ಇಡೀ ಯಾಟ್‌ನ ರೂಪವನ್ನೇ ಡಿಸೈನರ್ ಬರೆಯೋದನ್ನ ರೂಢಿ ಮಾಡಿದರು. ಅದ್ನಾನ್ ಖಶೋಗಿ ಅನ್ನೋ ಆಯುಧ ವ್ಯಾಪಾರಿಗಾಗಿ 1980ರಲ್ಲಿ ಇಟಲಿಯ ಬೆನೆಟ್ಟಿ ಕಟ್ಟಿದ 86 ಮೀಟರ್ ಉದ್ದದ 'ನಬೀಲಾ' ಅವರದೇ ವಿನ್ಯಾಸ. 'ನೆವರ್ ಸೇ ನೆವರ್ ಅಗೇನ್' ಅನ್ನೋ ಬಾಂಡ್ ಸಿನಿಮಾದಲ್ಲಿ ಅದನ್ನ ನೋಡಿರ್ತೀರಿ. ಮುಂದೆ ಅದನ್ನ ಡೊನಾಲ್ಡ್ ಟ್ರಂಪ್ ಕೊಂಡುಕೊಂಡಿದ್ದರು.

ಸರಿ, ಕೆಲಸಕ್ಕೆ ಬರೋಣ. ಡಿಸೈನರ್‌ಗೆ ಎದುರಾಗೋ ಮೊದಲ ಲೆಕ್ಕ ತೂಕದ್ದು. ಓನರ್‌ಗೆ ಬಾತ್‌ರೂಮಿನ ತುಂಬ ಮಾರ್ಬಲ್ ಬೇಕು ಅಂತಿಟ್ಟುಕೊಳ್ಳಿ. ನಮ್ಮ ಮನೆಗೆ ಹಾಕೋ ಹಾಗೆ 20 ಮಿಲಿಮೀಟರ್ ದಪ್ಪದ ಕಲ್ಲು ಹಾಕಿದ್ರೆ ಒಂದು ಚದರ ಮೀಟರಿಗೆ ಸುಮಾರು 54 ಕಿಲೋ ಆಗುತ್ತೆ. ಒಟ್ಟು ತೂಕ ಎಷ್ಟು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ, ಆ ತೂಕ ಎಷ್ಟು ಎತ್ತರದಲ್ಲಿದೆ ಅನ್ನೋದು. ಘಾಟಿ ತಿರುವಿನಲ್ಲಿ ಟಾಪ್ ಮೇಲೆ ಮೂಟೆ ಹೇರಿಕೊಂಡ ಬಸ್ಸು ವಾಲೋದನ್ನ ನೋಡಿದ್ದೀರಲ್ಲ, ಅದೇ ಕಥೆ. ತೂಕ ಮೇಲಕ್ಕೆ ಹೋದಷ್ಟೂ ಹಡಗಿನ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತೆ, ವಾಲಿದ ಹಡಗು ತಾನಾಗಿ ನೆಟ್ಟಗಾಗೋ ಶಕ್ತಿ ಕಮ್ಮಿಯಾಗುತ್ತೆ. ಅದಕ್ಕೇ ಕಲ್ಲನ್ನ ಕೆಲವೇ ಮಿಲಿಮೀಟರ್ ದಪ್ಪಕ್ಕೆ ಸೀಳಿ, ಜೇನುಗೂಡಿನ ಹಾಗಿರೋ ಅಲ್ಯೂಮಿನಿಯಂ ಹಲಗೆಗೆ ಅಂಟಿಸ್ತಾರೆ. ನೋಡೋಕೆ ಮಾರ್ಬಲ್, ತೂಕ ಮಾತ್ರ ಅದರ ಒಂದು ಪಾಲು. ಹಡಗು ಮುಗಿಯೋ ಹೊತ್ತಿಗೆ ಡೆಕ್ ಮೇಲೆ ತೂಕ ಗೊತ್ತಿರೋ ಭಾರಗಳನ್ನ ಆ ಕಡೆಯಿಂದ ಈ ಕಡೆಗೆ ಸರಿಸಿ, ಎಷ್ಟು ವಾಲುತ್ತೆ ಅಂತ ಅಳೆದು, ಗುರುತ್ವ ಕೇಂದ್ರ ಎಲ್ಲಿದೆ ಅಂತ ಲೆಕ್ಕ ಹಾಕ್ತಾರೆ. ಡಿಸೈನರ್ ಕದ್ದುಮುಚ್ಚಿ ಸೇರಿಸಿದ ಕಲ್ಲೆಲ್ಲ ಅಲ್ಲಿ ಬಯಲಾಗುತ್ತೆ! ಪ್ರೊಡಕ್ಷನ್‌ಗೆ ಹೋಗೋ ಮುಂಚಿನ ಲೋಡ್ ಟೆಸ್ಟ್ ಅಂದ್ಕೊಳ್ಳಿ.

ಎರಡನೇದು ಬೆಂಕಿ. ನನ್ನ ಪ್ರಕಾರ ಈ ವೃತ್ತಿಯ ತಿರುಳು ಇಲ್ಲೇ ಇರೋದು. 1934ರ ಸೆಪ್ಟೆಂಬರ್ 8ರ ಬೆಳಗಿನ ಜಾವ, ಹವಾನಾದಿಂದ ನ್ಯೂಯಾರ್ಕ್‌ಗೆ ಬರ್ತಿದ್ದ 'ಮಾರೊ ಕ್ಯಾಸಲ್' ಅನ್ನೋ ಪ್ರಯಾಣಿಕರ ಹಡಗಿಗೆ ಬೆಂಕಿ ಬಿತ್ತು. 137 ಜನ ಸತ್ತರು. ಸಿಬ್ಬಂದಿಯ ಗೊಂದಲ, ಗಾಳಿ, ತಡವಾಗಿ ಹೋದ ತುರ್ತು ಸಂದೇಶ, ಹೀಗೆ ಕಾರಣ ಹಲವು. ಆದ್ರೆ ಬೆಂಕಿ ಅಷ್ಟು ಬೇಗ ಹರಡೋಕೆ ದಾರಿ ಕೊಟ್ಟಿದ್ದು ಒಳಾಂಗಣದ ವೈಭವ: ಗೋಡೆ ತುಂಬ ಮರದ ವೆನೀರ್, ಅದಕ್ಕೆ ಬಳಸಿದ ಅಂಟು, ಪಾಲಿಶ್. ಪ್ರಯಾಣಿಕರು ಯಾವುದನ್ನ ನೋಡಿ ಖುಷಿಪಟ್ಟು ಟಿಕೆಟ್ ತಗೊಂಡಿದ್ರೋ ಅದೇ ಉರೀತು.

ಇದಾದ ಮೇಲೆ ಅಮೆರಿಕದಲ್ಲಿ ನಿಯಮ ಬಿಗಿಯಾಯ್ತು. 1952ರಲ್ಲಿ ಓಡಾಟ ಶುರು ಮಾಡಿದ 'ಯುನೈಟೆಡ್ ಸ್ಟೇಟ್ಸ್' ಹಡಗಿನ ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಎಷ್ಟು ಹಟ ಹಿಡಿದ್ರು ಅಂದ್ರೆ, ಮರ ಅಂತ ಉಳಿದಿದ್ದು ಪಿಯಾನೋಗಳಲ್ಲಿ ಮತ್ತು ಅಡುಗೆಮನೆಯಲ್ಲಿ ಮಾಂಸ ಕೊಚ್ಚೋ ಕೊರಡಿನಲ್ಲಿ ಮಾತ್ರ ಅಂತ ಹೇಳ್ತಾರೆ. ಅದರ ಒಳಾಂಗಣ ಮಾಡಿದ ಡೊರೋಥಿ ಮಾರ್ಕ್‌ವಾಲ್ಡ್ ಮತ್ತು ಆನ್ ಅರ್ಕ್ಹಾರ್ಟ್ ಅಲ್ಯೂಮಿನಿಯಂ, ಗಾಜು, ಗಾಜಿನ ನಾರುಗಳಲ್ಲೇ ಚೆಂದ ಹುಡುಕಬೇಕಾಯ್ತು.

ಇವತ್ತು ಸೋಲಾಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ ಇದನ್ನೆಲ್ಲ ಅಂಕಿಗಳಲ್ಲಿ ಬರೆದಿಟ್ಟಿದೆ. ಗೋಡೆ, ಚಾವಣಿಯ ಮೇಲಿನ ಉರಿಯೋ ಹೊದಿಕೆ ಒಂದು ಚದರ ಮೀಟರಿಗೆ 45 ಮೆಗಾಜೂಲ್‌ಗಿಂತ ಹೆಚ್ಚು ಶಾಖ ಕೊಡಬಾರದು. ಒಂದು ಕೋಣೆಯಲ್ಲಿ ಇಂಥ ಹೊದಿಕೆ, ಅಲಂಕಾರದ ಪಟ್ಟಿ ಎಲ್ಲ ಸೇರಿಸಿದ್ರೂ, ಗೋಡೆ ಮತ್ತು ಚಾವಣಿಗೆ 2.5 ಮಿಲಿಮೀಟರ್ ದಪ್ಪದ ವೆನೀರ್ ಹಚ್ಚಿದರೆ ಎಷ್ಟಾಗುತ್ತೋ ಅಷ್ಟು ಗಾತ್ರ ದಾಟಬಾರದು. ಅಂದ್ರೆ ಮರ ಇಲ್ಲಿ ಬಡ್ಜೆಟ್. ಹಾಸಿಗೆಯ ಹಿಂದೆ ಜಾಸ್ತಿ ಖರ್ಚು ಮಾಡಿದ್ರೆ ಚಾವಣಿಯಲ್ಲಿ ಉಳಿಸಬೇಕು. ಎಂಜಿನ್ ರೂಮಿನಂಥ ಅಪಾಯದ ಜಾಗಕ್ಕೂ ಜನ ಇರೋ ಜಾಗಕ್ಕೂ ನಡುವೆ ಬರೋ 'ಎ-60' ದರ್ಜೆಯ ಗೋಡೆ 60 ನಿಮಿಷ ಬೆಂಕಿ ತಡೀಬೇಕು, ಅಷ್ಟು ಹೊತ್ತೂ ಇನ್ನೊಂದು ಬದಿಯ ಸರಾಸರಿ ಬಿಸಿ 140 ಡಿಗ್ರಿಗಿಂತ ಹೆಚ್ಚು ಏರಬಾರದು. ಅಂಥ ಗೋಡೆಯಲ್ಲಿ ಚೆಂದಕ್ಕೆ ಅಂತ ಒಂದು ಲೈಟಿನ ಗೂಡು ಕೊರೆಯೋ ಹಾಗಿಲ್ಲ. ಖಾಸಗಿ ಯಾಟ್‌ಗಳಿಗೆ ಇದರಲ್ಲಿ ಒಂದಷ್ಟು ಸಡಿಲಿಕೆ ಇರೋ ಬೇರೆ ನಿಯಮಗಳಿವೆ. ಆದ್ರೆ 12 ಜನಕ್ಕಿಂತ ಹೆಚ್ಚು ಪ್ರಯಾಣಿಕರನ್ನ ಹತ್ತಿಸಿಕೊಂಡ್ರೆ ಪ್ರಯಾಣಿಕರ ಹಡಗಿನ ಕಟ್ಟುನಿಟ್ಟಿನ ನಿಯಮ ಶುರುವಾಗುತ್ತೆ. ಅಷ್ಟು ದೊಡ್ಡ ಯಾಟ್‌ಗಳಲ್ಲೂ ಹೆಚ್ಚಾಗಿ ಅತಿಥಿಗಳಿಗೆ ಆರೇ ಬೆಡ್‌ರೂಮ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಅಲುಗಾಟದ ವಿಷಯ ಬೇಗ ಹೇಳಿಬಿಡ್ತೀನಿ. ಶಾಂಡ್ಲಿಯರ್ ತೂಗಾಡಬಾರದು, ಡ್ರಾಯರ್ ತಾನಾಗಿ ತೆರ್ಕೋಬಾರದು, ಮೇಜಿನ ಮೂಲೆ ದುಂಡಗಿರಬೇಕು, ಎಂಜಿನ್ನಿನ ನಡುಕಕ್ಕೆ ಕಪಾಟಿನ ಗ್ಲಾಸ್ ಕಟಕಟ ಅನ್ನಬಾರದು. ಪ್ರತಿ ಪ್ಯಾನೆಲ್ಲಿನ ಹಿಂದೆ ಯಾವುದೋ ವಾಲ್ವ್ ಇರುತ್ತೆ, ಒಂದು ದಿನ ಅದು ಸೋರುತ್ತೆ. ಆ ಪ್ಯಾನೆಲ್ ಬಿಚ್ಚೋಕೆ ಬರಬೇಕು, ಬಿಚ್ಚೋಕೆ ಬರುತ್ತೆ ಅಂತ ಕಾಣಬಾರದು. ಕೋಡ್ ಬರೆಯೋರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಕೊನೇದಾಗಿ ಕ್ರೂ. ಅತಿಥಿಗಳ ಕಣ್ಣಿಗೆ ಬೀಳದೆ ಊಟ ಬರಬೇಕು, ಬೆಡ್‌ಶೀಟ್ ಬದಲಾಗಬೇಕು ಅಂದ್ರೆ ಅವರಿಗೇ ಬೇರೆ ಮೆಟ್ಟಿಲು, ಬೇರೆ ಓಣಿ ಬೇಕು. ಅವರ ಕೋಣೆಗಳು ಸಾಮಾನ್ಯವಾಗಿ ಕೆಳಗಿನ ಡೆಕ್‌ನಲ್ಲಿ. ಅತಿಥಿಗಳಿಗೆ ಒಂದಡಿ ಹೆಚ್ಚಿಗೆ ಕೊಟ್ರೆ ಅದು ಎಲ್ಲಿಂದ ಬರುತ್ತೆ ಅಂತ ನೀವೇ ಊಹಿಸಿ. 2013ರಲ್ಲಿ ಜಾರಿಗೆ ಬಂದ ನಾವಿಕ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದ ಇದಕ್ಕೊಂದು ಮಿತಿ ಹಾಕಿದೆ: ಮಂಚದ ಒಳಅಳತೆ ಕನಿಷ್ಠ 198 ಸೆಂಟಿಮೀಟರ್ ಉದ್ದ, 80 ಅಗಲ, ಚಾವಣಿ ಕನಿಷ್ಠ 203 ಸೆಂಟಿಮೀಟರ್ ಎತ್ತರ.

ಡಿಸೈನರ್ ಹೀಗೆ ಕಾಣದಂತೆ ಇಟ್ಟ ಜನ ಒಂದು ಸಲ ಪೇಪರಿನ ಮುಖಪುಟಕ್ಕೆ ಬಂದ ಕಥೆ ನಮ್ಮ ಬೆಂಗಳೂರಿಗೇ ಸಂಬಂಧಪಟ್ಟಿದ್ದು. ವಿಜಯ್ ಮಲ್ಯ ಅವರ ಹೆಸರಿನ ಜೊತೆ ಕೇಳಿಬರ್ತಿದ್ದ 95 ಮೀಟರಿನ 'ಇಂಡಿಯನ್ ಎಂಪ್ರೆಸ್' ನೆನಪಿದೆಯಲ್ಲ? ಕ್ರೂಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ನಾವಿಕರ ಸಂಬಳದ ಬಾಕಿಗೆ ಹಡಗಿನ ಮೇಲೇ ಹಕ್ಕು ಇರುತ್ತೆ ಅನ್ನೋದು ಕಡಲ ಕಾನೂನಿನ ಹಳೇ ನಿಯಮ. 2018ರ ಮಾರ್ಚ್‌ನಲ್ಲಿ ಮಾಲ್ಟಾದಲ್ಲಿ ಆ ಯಾಟನ್ನ ತಡೆಹಿಡಿದ್ರು. ಅದೇ ವರ್ಷ ಕೋರ್ಟಿನ ಮೂಲಕ ಅದು 3.5 ಕೋಟಿ ಯೂರೋಗೆ ಮಾರಾಟ ಆಯ್ತು, ಸೋಫಾ ಕರ್ಟನ್ ಸಮೇತ.