ಅಟ್ಟದ ಮೇಲೆ ಉಳಿದ ಸೂಟ್‌ಕೇಸ್‌ಗಳು

ರಾತ್ರಿ ಹನ್ನೊಂದಾದ್ರೂ ನಿದ್ದೆ ಬರಲ್ಲ. 'ಒಂದೇ ಒಂದು ವಿಡಿಯೋ ನೋಡಿ ಮಲಗೋಣ' ಅಂತ ಫೋನ್ ಹಿಡಿಯುತ್ತೇವೆ. ಟಾರ್ಚ್ ಬೆಳಕು, ಚಕ್ಕೆ ಎದ್ದ ಗೋಡೆ, ತುಕ್ಕು ಹಿಡಿದ ಮಂಚ, ಪಿಸುದನಿಯಲ್ಲಿ ಮಾತಾಡುವ ಇಬ್ಬರು ಹುಡುಗರು. ಪಾಳುಬಿದ್ದ ಮಾನಸಿಕ ಆಸ್ಪತ್ರೆಯಲ್ಲಿ ಒಂದು ರಾತ್ರಿ! ಕೊನೆಗೆ ದೆವ್ವ ಬರಲ್ಲ, ಪಾರಿವಾಳ ಹಾರುತ್ತೆ ಅಷ್ಟೇ. ಆದ್ರೂ ಪೂರ್ತಿ ನೋಡಿರ್ತೀವಿ.

ಈ ಹವ್ಯಾಸಕ್ಕೆ 'ಅರ್ಬನ್ ಎಕ್ಸ್‌ಪ್ಲೋರೇಷನ್' ಅಂತಾರೆ, ಚಿಕ್ಕದಾಗಿ 'ಅರ್ಬೆಕ್ಸ್'. ಬಾಗಿಲು ಒಡೆಯಬಾರದು, ಫೋಟೋ ಬಿಟ್ಟು ಬೇರೇನೂ ತರಬಾರದು ಅನ್ನೋದು ಅವರವರಲ್ಲೇ ಇರುವ ಕಟ್ಟಳೆ. ಅನುಮತಿ ಇಲ್ಲದೆ ನುಗ್ಗಿದರೆ ಕೇಸ್ ಬೀಳಬಹುದು, ಕೊಳೆತ ನೆಲ ಕುಸಿಯಬಹುದು, ಹಳೇ ಕಟ್ಟಡದ ಆಸ್‌ಬೆಸ್ಟಾಸ್ ಧೂಳು ಶ್ವಾಸಕೋಶ ಸೇರಬಹುದು.

ಅಮೆರಿಕದಲ್ಲಿ ಇಂಥ ಕಟ್ಟಡಗಳಿಗೆ ಬರವಿಲ್ಲ. 19ನೇ ಶತಮಾನದಲ್ಲಿ ಊರಾಚೆ ಅರಮನೆಯಂಥ ಆಸ್ಪತ್ರೆಗಳನ್ನು ಕಟ್ಟಿದರು. 1950ರ ದಶಕದಲ್ಲಿ ಹೊಸ ಔಷಧಿಗಳು ಬಂದವು, ಮುಂದೆ ಸರ್ಕಾರದ ನೀತಿಯೂ ಬದಲಾಯಿತು, ವಾರ್ಡ್‌ಗಳು ಒಂದೊಂದಾಗಿ ಖಾಲಿಯಾದವು. ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಆಸ್ಪತ್ರೆ 1992ರಲ್ಲಿ ಮುಚ್ಚಿತು. ಅಲ್ಲೇ ಚಿತ್ರೀಕರಿಸಿದ 'ಸೆಷನ್ 9' ಎಂಬ ಹಾರರ್ ಸಿನಿಮಾ 2001ರಲ್ಲಿ ಬಂತು. ಆಮೇಲೆ ಹೆಚ್ಚಿನ ಭಾಗ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು.

ನಾನೂ ಈ ವಿಡಿಯೋಗಳ ಅಭಿಮಾನಿಯೇ. ನ್ಯೂಯಾರ್ಕ್ ರಾಜ್ಯದ ವಿಲ್ಲಾರ್ಡ್ ಬಗ್ಗೆ ಓದಿದ ಮೇಲೆ ಮಾತ್ರ ನೋಡುವ ಕಣ್ಣು ಬದಲಾಯಿತು.

ಸೆನೆಕಾ ಸರೋವರದ ದಂಡೆಯಲ್ಲಿ 1869ರಲ್ಲಿ ಶುರುವಾದ ಆಸ್ಪತ್ರೆ ಅದು. ಮೊದಲ ರೋಗಿಯಾಗಿ ಬಂದ ಹೆಂಗಸಿನ ಕೈಗೆ ಸರಪಳಿ ಇತ್ತು. ಒಟ್ಟು 50,000ಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಸುಮಾರು ಅರ್ಧದಷ್ಟು ಜನ ಅಲ್ಲೇ ತೀರಿಕೊಂಡರು. 1995ರಲ್ಲಿ ಆಸ್ಪತ್ರೆ ಮುಚ್ಚುವಾಗ ಸಿಬ್ಬಂದಿ ಒಂದು ಕಟ್ಟಡದ ಅಟ್ಟ ಹತ್ತಿ ನೋಡಿದರು. ಪಾರಿವಾಳದ ಹಿಕ್ಕೆ, ಧೂಳು, ಅದರಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಸೂಟ್‌ಕೇಸ್, ಟ್ರಂಕುಗಳು. 400ಕ್ಕೂ ಹೆಚ್ಚು!

ದಾಖಲಾಗುವ ದಿನ ರೋಗಿಗಳು ತಂದಿದ್ದ ಸಾಮಾನು ಅವು. ಒಂದರಲ್ಲಿ ಸೈನಿಕನ ಸಮವಸ್ತ್ರ. ಇನ್ನೊಂದರಲ್ಲಿ ಅಲಾರಂ ಗಡಿಯಾರ, ಹೊಲಿಗೆ ದಾರ. ಪತ್ರಗಳು, ಮನೆಯವರ ಫೋಟೋಗಳು. ನಾವು ನಾಲ್ಕು ದಿನ ಊರಿಗೆ ಹೋಗುವಾಗ ಏನೇನು ತುಂಬಿಕೊಳ್ತೀವೋ ಹೆಚ್ಚುಕಡಿಮೆ ಅಂಥದ್ದೇ. ಗಡಿಯಾರ ಇಟ್ಟುಕೊಂಡು ಹೊರಟವರು ವಾಪಸ್ ಬರುವ ಲೆಕ್ಕದಲ್ಲೇ ಇದ್ದಿರಬೇಕು, ಅಲ್ವಾ?

ನ್ಯೂಯಾರ್ಕ್ ರಾಜ್ಯದ ಮ್ಯೂಸಿಯಂ ಅವನ್ನು ಜೋಪಾನ ಮಾಡಿತು. ಜಾನ್ ಕ್ರಿಸ್ಪಿನ್ ಎಂಬ ಛಾಯಾಗ್ರಾಹಕ ಒಂದೊಂದನ್ನೇ ತೆರೆದು, ಬಿಡಿಸಿಟ್ಟು ಚಿತ್ರ ತೆಗೆದರು. ದೆವ್ವದ ಸಂಗೀತ ಇಲ್ಲದ ಆ ಚಿತ್ರಗಳ ಮುಂದೆ ಯಾವ ಅರ್ಬೆಕ್ಸ್ ವಿಡಿಯೋನೂ ನಿಲ್ಲಲ್ಲ ಅಂತ ನನಗನಿಸುತ್ತೆ. ಆದರೆ ಪೆಟ್ಟಿಗೆ ಯಾರದ್ದು ಅಂತ ಪೂರ್ತಿ ಹೆಸರು ಹೇಳುವಂತಿರಲಿಲ್ಲ. ರೋಗಿಗಳ ಖಾಸಗಿತನದ ಕಾನೂನು ಅಡ್ಡ ಬಂತು.

ಆಸ್ಪತ್ರೆಯ ಸ್ಮಶಾನದಲ್ಲೂ ಇದೇ ಕಥೆ. 5,700ಕ್ಕೂ ಹೆಚ್ಚು ಗೋರಿಗಳು. ಹೆಸರಿಲ್ಲ, ಬರೀ ನಂಬರು. ಅವುಗಳಲ್ಲಿ 1,500ಕ್ಕೂ ಹೆಚ್ಚು ಗುಂಡಿ ತೋಡಿದವರು ಒಬ್ಬ ರೋಗಿಯೇ. ಲಾರೆನ್ಸ್ ಮೋಚಾ, ಯುರೋಪಿನಿಂದ ವಲಸೆ ಬಂದು ನ್ಯೂಯಾರ್ಕ್‌ನಲ್ಲಿ ಕಿಟಕಿ ಒರೆಸುವ ಕೆಲಸ ಮಾಡುತ್ತಿದ್ದವರು. 1918ರಲ್ಲಿ ವಿಲ್ಲಾರ್ಡ್‌ಗೆ ಬಂದವರು 1968ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಐವತ್ತು ವರ್ಷ! ಅವರನ್ನು ಹೂಳಿದ್ದೂ ಅದೇ ಸ್ಮಶಾನದಲ್ಲಿ.

ಖಾಸಗಿತನ ಬೇಕು, ಒಪ್ಪೋಣ. ಬೀಗ ಒಡೆದ ರೆಕಾರ್ಡ್ ರೂಮಿಗೆ ಹೋಗಿ, ನೆಲದ ಮೇಲೆ ಬಿದ್ದಿರುವ ಯಾರದ್ದೋ ಫೈಲನ್ನು ಕ್ಯಾಮೆರಾಕ್ಕೆ ಹಿಡಿಯೋರನ್ನು ನೋಡಿದಾಗ ಸಿಟ್ಟು ಬರುತ್ತೆ. ಆ ಫೈಲಿನವರ ಮೊಮ್ಮಕ್ಕಳು ಇನ್ನೂ ಬದುಕಿರಬಹುದು. ಹಾಗಂತ ಸತ್ತು ಐವತ್ತು ವರ್ಷ ಕಳೆದವರ ಗೋರಿ ಮೇಲೆ ಹೆಸರು ಬರೆಯೋಕೂ ಹಿಂಜರಿಯೋದಾ? ಹೃದಯದ ಕಾಯಿಲೆಯಿಂದ ಹೋದವರ ಹೆಸರನ್ನು ಯಾರೂ ಹೀಗೆ ಮುಚ್ಚಿಡಲ್ಲ. ಇಲ್ಲಿ ರಕ್ಷಿಸುತ್ತಿರೋದು ರೋಗಿಯ ಮಾನವನ್ನೋ ಮನೆತನದ ಮಾನವನ್ನೋ, ನನಗಂತೂ ಅನುಮಾನ. ಮಾತು ಮಾತಿಗೂ 'ನಿಮ್ಹಾನ್ಸ್‌ಗೆ ಸೇರಿಸ್ತೀನಿ ನೋಡು' ಅಂತ ನಗುವ ಬೆಂಗಳೂರಿನವರು ನಾವು, ಮನೆಯಲ್ಲೇ ಯಾರಾದರೂ ಅಲ್ಲಿಗೆ ಹೋಗಿಬಂದರೆ ಪಕ್ಕದ ಮನೆಗೆ 'ಜ್ವರ' ಅಂತೀವಿ.

ವಿಲ್ಲಾರ್ಡ್ ಸುತ್ತಮುತ್ತಲಿನ ಜನ ಪಟ್ಟು ಬಿಡದೆ ಕೇಳಿದ್ದಕ್ಕೆ 2015ರಲ್ಲಿ ಆ ಸ್ಮಶಾನದಲ್ಲಿ ಒಂದು ಫಲಕ ಬಂತು. ಅದರ ಮೇಲೆ ಲಾರೆನ್ಸ್ ಮೋಚಾ ಅವರ ಹೆಸರಿದೆ. ಅವರು ಗುಂಡಿ ತೋಡಿ ಮಲಗಿಸಿದವರು ಸುತ್ತಲೂ ಇದ್ದಾರೆ, ನಂಬರುಗಳಾಗಿ.