ಹಸು ಕಳುವಾದರೆ ದೂರು ಕೊಡುವುದು ಹೇಗೆ?



ಬೆಳಗಿನ ಜಾವ ಹಾಲು ಕರೆಯಲು ಹೋದಾಗ ಗೊಂತಿನಲ್ಲಿ ಕತ್ತರಿಸಿದ ಹಗ್ಗ ಮಾತ್ರ ಉಳಿದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಹೊಲ, ಕೆರೆ ಅಂಗಳ ಹುಡುಕುತ್ತೇವೆ. ಆಮೇಲೆ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತೇವೆ. ಊರ ಹಿರಿಯರನ್ನು ಕೇಳುತ್ತೇವೆ. ಠಾಣೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಮಂಚೇನಹಳ್ಳಿಯಿಂದ ಹೊರಟ ಗೂಡ್ಸ್ ಗಾಡಿ ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರ ಸೇರಲು ಅಷ್ಟು ಹೊತ್ತು ಬೇಕಿಲ್ಲ. ಸಾಲ ತಂದು ಕಟ್ಟಿದ ಸೀಮೆಹಸು ಹೋದರೆ ಬಟವಾಡೆಯೂ ಹೋಯಿತು, ಕಂತು ಮಾತ್ರ ಉಳಿಯಿತು.

ಆದ್ದರಿಂದ ಮೊದಲ ಕೆಲಸ 112ಕ್ಕೆ ಕರೆ ಮಾಡುವುದು. ಹಿಂದಿನ 100ರ ಜಾಗಕ್ಕೆ ಬಂದಿರುವ ಸಂಖ್ಯೆ ಇದು. ಗಾಡಿ ಯಾವ ಕಡೆ ಹೋಯಿತು, ಬಣ್ಣ ಯಾವುದು ಎಂದು ಗೊತ್ತಿದ್ದಷ್ಟು ಹೇಳಿ. ಆದರೆ ಕರೆ ಮಾಡಿದ ಮಾತ್ರಕ್ಕೆ ಪ್ರಕರಣ ದಾಖಲಾಯಿತು ಎಂದು ತಿಳಿಯಬೇಡಿ. ಅದಕ್ಕೆ ದೂರು ಬೇರೆ ಕೊಡಲೇಬೇಕು.

ದೂರು ಕೊಡುವ ಬಗೆ 2024ರ ಜುಲೈ 1ರಿಂದ ಬದಲಾಗಿದೆ. ಅಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಅದರ 173ನೇ ಕಲಂ ರೈತರು ತಿಳಿದಿರಬೇಕಾದದ್ದು. ದೂರನ್ನು ಬಾಯಲ್ಲಿ ಹೇಳಬಹುದು, ಬರೆದು ಕೊಡಬಹುದು, ಈಗ ಇ-ಮೇಲ್‌ನಂತಹ ಎಲೆಕ್ಟ್ರಾನಿಕ್ ವಿಧಾನದಲ್ಲೂ ಕಳಿಸಬಹುದು. ಹಾಗೆ ಕಳಿಸಿದವರು ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಸಹಿ ಬಿದ್ದರೆ ಮಾತ್ರ ಅದು ದಾಖಲೆಗೆ ಸೇರುತ್ತದೆ. ಎರಡು ಹೊತ್ತು ಹಾಲು ಹಾಕಬೇಕಾದವರಿಗೆ ಇದರಿಂದ ಅನುಕೂಲವಿದೆ. ಸುದ್ದಿ ಬೆಳಿಗ್ಗೆಯೇ ಮುಟ್ಟುತ್ತದೆ, ಸಹಿಗೆ ಮಧ್ಯಾಹ್ನ ಹೋಗಬಹುದು. ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೋ, ಫೇಸ್‌ಬುಕ್ ಬರಹ ಇವು ದೂರಲ್ಲ.

ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಠಾಣೆಯವರೇ ಬರೆದುಕೊಂಡು ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತ. ಅದನ್ನು ಕೇಳಿ ಪಡೆಯುವುದು ಹಕ್ಕು, ಅದಕ್ಕೆ ಸಂಕೋಚಪಡಬೇಕಿಲ್ಲ. ಕೈಗೆ ಬಂದ ಚೀಟಿ ಅರ್ಜಿಯ ಸ್ವೀಕೃತಿಯೋ ಎಫ್‌ಐಆರೋ ಎಂದು ಅಲ್ಲೇ ನೋಡಿಕೊಳ್ಳಿ. ಎಷ್ಟೋ ಜನ ಸ್ವೀಕೃತಿಯನ್ನೇ ಎಫ್‌ಐಆರ್ ಎಂದು ತಿಂಗಳುಗಟ್ಟಲೆ ಜೋಪಾನ ಮಾಡಿಟ್ಟಿರುತ್ತಾರೆ.

‘ಇದು ನಮ್ಮ ಸರಹದ್ದಿಗೆ ಬರಲ್ಲ’ ಎಂಬ ಮಾತಿಗೂ ಈಗ ಉತ್ತರವಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅವರು ಶೂನ್ಯ ಸಂಖ್ಯೆಯಲ್ಲಿ ದಾಖಲಿಸಿ ಸಂಬಂಧಿಸಿದ ಠಾಣೆಗೆ ಕಳಿಸುತ್ತಾರೆ. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ನಿಮ್ಮ ಹಸು ಬೇರೆ ತಾಲ್ಲೂಕಿನ ದನದ ಸಂತೆಯಲ್ಲಿ ಕಣ್ಣಿಗೆ ಬಿದ್ದರೆ, ಕೊಂಡವರ ಜೊತೆ ಜಗಳಕ್ಕೆ ನಿಲ್ಲದೆ ಅಲ್ಲಿನ ಠಾಣೆಗೇ ಹೋಗಿ.

ಒಂದು ಸೂಕ್ಷ್ಮವಿದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳವು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಒಂದು ಹಾಲಿನ ಕ್ಯಾನ್ ಹೋದರೆ ಈ ಮಾತು ಬರುತ್ತದೆ. ಕರೆಯುವ ಹಸುವಿನ ಬೆಲೆ ಎಷ್ಟೆಂದು ನಮಗೆಲ್ಲ ಗೊತ್ತು. ದೂರಿನಲ್ಲಿ ಬೆಲೆ ನಮೂದಿಸಲು ಮರೆಯಬೇಡಿ. ಹಸುವಿಗೆ ವಿಷ ಹಾಕಿ ಕೊಂದರೆ ಬೆಲೆಯ ಲೆಕ್ಕವೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಿದೆ.

ಕೆಲವು ಪ್ರಕರಣಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಅದನ್ನೇ ನೆಪ ಮಾಡಿ ದೂರು ತೆಗೆದುಕೊಳ್ಳದೆ ವಾಪಸು ಕಳಿಸುವಂತಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿಯೇ ಹೇಳಿದೆ. ಠಾಣೆಯಲ್ಲಿ ಒಪ್ಪದಿದ್ದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ. ಸ್ಪೀಡ್ ಪೋಸ್ಟ್ ಆದರೆ ರಸೀದಿ ಕೈಯಲ್ಲಿರುತ್ತದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದೂ ಕಾನೂನಿನಲ್ಲಿದೆ. ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಮನೆಗೇ ಬಂದು ಕೇಳಬೇಕು.

ಬಟವಾಡೆ ಹಣ ಬ್ಯಾಂಕಿಗೆ ಬರುತ್ತಿರುವುದರಿಂದ ಇನ್ನೊಂದು ಸಂಖ್ಯೆಯೂ ನೆನಪಿರಲಿ: 1930. ‘ಪ್ರೋತ್ಸಾಹಧನ ಬಂದಿದೆ, ಒಟಿಪಿ ಹೇಳಿ’ ಎಂದವರ ಮಾತು ನಂಬಿ ಹಣ ಹೋದರೆ ಬ್ಯಾಂಕು ತೆರೆಯುವವರೆಗೆ ಕಾಯಬೇಡಿ, ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಯಲು ಸಾಧ್ಯವಾಗುವುದು ಆಗಲೇ.

ಇನ್ನು ಠಾಣೆಯಲ್ಲಿ ಮೊದಲು ಬರುವ ಪ್ರಶ್ನೆ ‘ಹಸು ನಿಮ್ಮದೇ ಎನ್ನಲು ಗುರುತೇನು?’ ಎಂಬುದು. ಕಪ್ಪು ಬಿಳುಪು ಎಂದರೆ ತಾಲ್ಲೂಕಿನ ಅರ್ಧ ಹಸುಗಳು ಹಾಗೇ ಇವೆ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಎರಡೂ ಮಗ್ಗುಲಿನ ಮತ್ತು ಮುಖದ ಫೋಟೋ, ಕೊಂಬು, ಸುಳಿ, ಗಾಯದ ಕಲೆ ಇವು ಬೇಕು. ಕಳ್ಳರು ಓಲೆ ಕತ್ತರಿಸಿದರೂ ಫೋಟೋದಲ್ಲಿರುವ ಮಚ್ಚೆ ಅಳಿಸಲಾರರು. ಸಂಖ್ಯೆಯನ್ನು ಇವತ್ತೇ ಸಂಘದ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡಿ, ಫೋಟೋಗಳನ್ನು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.